ಗಿರಣಿಯ ಪಾಳಿ, ಕಡಲೆಯ ರಾಶಿ

ಹರಿದ ಕುಪ್ಪಸವನ್ನು ಒರೆಸುವ ಬಟ್ಟೆಯ ಪದವಿಗೆ ಇಳಿಸುವ ಮುನ್ನ ಅದರ ಕೊಂಡಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ. ಮನೆಯವರು ಇದನ್ನು ಜಿಪುಣತನವೆನ್ನುತ್ತಾರೆ. ನನ್ನ ವೃತ್ತಿಯಲ್ಲಿ ಇದಕ್ಕೆ ವಿನ್ಯಾಸವೆಂಬ ಗಂಭೀರ ನಾಮಧೇಯವಿದೆ. ಬೈಲಹೊಂಗಲದಲ್ಲಿ ಎರಡು ಕೋಣೆಯ ಕಚೇರಿಯಿಟ್ಟುಕೊಂಡು ತಂತ್ರಾಂಶ ಬರೆಯುವ ನಾನು ಒಮ್ಮೆ ಬರೆದದ್ದನ್ನು ಮತ್ತೊಮ್ಮೆ ಬರೆದವಳಲ್ಲ. ಒಂದೂರಿಗೆ ಮಾಡಿದ ತುಣುಕನ್ನು ಬಿಚ್ಚಿ ಇನ್ನೊಂದೂರಿನ ಕೆಲಸಕ್ಕೆ ಜೋಡಿಸುತ್ತೇನೆ. ಸೋಮಾರಿತನಕ್ಕೆ ಶಾಸ್ತ್ರದ ಬೆಂಬಲ ಸಿಕ್ಕರೆ ಮನುಷ್ಯರು ಎಷ್ಟು ಬೀಗಬಲ್ಲರು ಎಂಬುದಕ್ಕೆ, ಓದುಗರೇ, ನಾನೇ ಸಾಕ್ಷಿ.

ನನ್ನ ಅತ್ಯಂತ ಹೆಮ್ಮೆಯ ತುಣುಕಿನ ಹೆಸರು ‘ಪಾಳಿ’. ರಾಮದುರ್ಗ ತಾಲೂಕಿನ ಕಟಕೋಳದ ಹಿಟ್ಟಿನ ಗಿರಣಿಯಲ್ಲಿ ಯಾರ ಡಬ್ಬಿ ಮೊದಲು, ಯಾರದು ನಂತರ ಎಂಬ ನಿತ್ಯದ ಜಗಳ ಬಿಡಿಸಲು ಅದನ್ನು ಬರೆದೆ. ಗಿರಣಿಯ ಮಲ್ಲಪ್ಪ ಒಂದೇ ಷರತ್ತು ಹಾಕಿದ್ದ: “ಸಾವಾದ ಮನಿ ಹಿಟ್ಟು ಪಾಳಿ ಕಾಯಬಾರದ್ರಿ ಅಕ್ಕಾರ. ಅದನ್ನ ಮೊದ್ಲ ಬೀಸಬೇಕು.” ಅಂಥ ಮನೆಯ ಹೆಸರಿಗೆ ಅವನೊಂದು ಗುರುತು ಹಾಕಿದರೆ ಅದು ತಾನಾಗಿ ಎಲ್ಲರಿಗಿಂತ ಮುಂದೆ ಬರುವಂತೆ ಮಾಡಿಕೊಟ್ಟೆ.

ಹೋದ ಸುಗ್ಗಿಯಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರು ಕೂಡಿ ಕೊಂಡ, ಕಾಳು ಒಕ್ಕುವ ರಾಶಿ ಯಂತ್ರಗಳಿಗೂ ಪಾಳಿ ಹಚ್ಚುವ ಕೆಲಸ ಬಂತು. ನಾಲ್ಕೂರಿನ ನಾಲ್ಕು ಕಂಪ್ಯೂಟರುಗಳು ತಮ್ಮ ತಮ್ಮ ಸರದಿಯನ್ನು ತಾವೇ ನೋಡಿಕೊಳ್ಳಬೇಕು, ನೆಟ್‌ವರ್ಕ್ ಬಂದಾಗ ಒಂದಕ್ಕೊಂದು ಸುದ್ದಿ ಹೇಳಿಕೊಳ್ಳಬೇಕು. ಒಂದು ಮೂರ್ಛೆ ಹೋದರೆ ಉಳಿದ ಮೂರು ನಿಲ್ಲಬಾರದು. ನಾನು ಗಿರಣಿಯ ತುಣುಕನ್ನೇ, ಊರವರ ಹೆಸರಿನ ಪಟ್ಟಿಯ ಸಮೇತ, ಎತ್ತಿ ಜೋಡಿಸಿದೆ. ಕಟಕೋಳದ ಮಟ್ಟಿಗೆ ಗಿರಣಿಗೂ ರಾಶಿಗೂ ಒಂದೇ ಪಟ್ಟಿಯಾಯಿತು. ಮೂರು ತಿಂಗಳ ಕೆಲಸ ಎಂಟು ದಿನಕ್ಕೆ ಮುಗಿದಾಗ ಕಚೇರಿಯಲ್ಲಿ ಪೇಢೆ ಹಂಚಿದೆ.

ಮರುವಾರ ಕಟಕೋಳದಿಂದ ಬಸವ್ವ ಎಂಬ ರೈತ ಮಹಿಳೆಯ ಫೋನು ಬಂತು. ಕಡಲೆ ಕಿತ್ತು ಬಣವೆ ಹಾಕಿದ್ದಾಳೆ, ಮೇಲೆ ಮೋಡ ಕಟ್ಟಿದೆ, ಇವತ್ತು ಅವಳದೇ ಪಾಳಿ; ಯಂತ್ರ ಮಾತ್ರ ಅವಳ ಹೊಲ ದಾಟಿ ಅದೇ ಊರಿನ ಈರಪ್ಪನ ಹೊಲಕ್ಕೆ ಹೋಗಿದೆ. ಹುಡುಕಿ ನೋಡಿದರೆ ತಪ್ಪು ನನ್ನದೇ. ಎರಡು ದಿನದ ಹಿಂದೆ ಈರಪ್ಪನ ತಂದೆ ತೀರಿಕೊಂಡಿದ್ದರು. ಮಲ್ಲಪ್ಪ ಗಿರಣಿಯಲ್ಲಿ ಹಾಕಿದ ಗುರುತು ಅದೇ ಪಟ್ಟಿಯ ಮೂಲಕ ರಾಮದುರ್ಗದ ಕಂಪ್ಯೂಟರಿಗೆ ತಲುಪಿ, ರಾಶಿಗೂ ಅವನನ್ನೇ ಮೊದಲು ಮಾಡಿತ್ತು. ಹಿಟ್ಟಿನ ನಿಯಮ ಕಡಲೆಗೆ! ಮಳೆ ಬಿದ್ದರೆ ಬಸವ್ವನ ಇಡೀ ಬೆಳೆ ಕಪ್ಪಾಗುತ್ತದೆ. ನಡೆದದ್ದನ್ನೆಲ್ಲ ಹೇಳಿ, ಯಂತ್ರವನ್ನು ಈಗಲೇ ತಿರುಗಿಸುತ್ತೇನೆ, ಆ ನಿಯಮವನ್ನೇ ಅಳಿಸುತ್ತೇನೆ ಎಂದೆ.



“ಪಾಳಿ ಯಾಕ ತಪ್ಪಿತು ಅಂತ ಕೇಳಾಕ ಫೋನ್ ಮಾಡಿದ್ನ್ರಿ. ಈಗ ತಿಳೀತು, ತಿರಗಸಬ್ಯಾಡ್ರಿ” ಎಂದಳು ಬಸವ್ವ. “ಅವರ ಮನ್ಯಾಗ ಮಂದಿ ಬರೂದು ಹೋಗೂದು ನಡದೈತಿ, ಬಣವಿ ಕಾಯಾಕ ಯಾರ ಅದಾರ? ನನ್ನ ಕಡ್ಲಿಗೆ ತಾಡಪತ್ರಿ ಹೊಚ್ಚತೇನಿ. ಅಳಸಾಕೂ ಹೋಗಬ್ಯಾಡ್ರಿ ಮತ್ತ.”

ಸಂಜೆ ಮಳೆ ಬಂದೇ ಬಂತು. ಬೈಲಹೊಂಗಲದ ಕಿಟಕಿಗೆ ಅಂಟಿಕೊಂಡು ನಿಂತ ನನಗೆ ಚಹಾ ಕೂಡ ಇಳಿಯಲಿಲ್ಲ. ಬೆಳಿಗ್ಗೆ ಕೇಳಿದರೆ, ಅಂಚಿನ ಎರಡು ಬುಟ್ಟಿ ಕಡಲೆ ತೊಯ್ದಿತ್ತು, ಉಳಿದದ್ದು ಒಣಗಿಯೇ ಇತ್ತು. ಗಾಳಿಗೆ ಹಾರುತ್ತಿದ್ದ ತಾಡಪತ್ರಿಯ ತುದಿ ಹಿಡಿಯಲು ಸಾವಿನ ಮನೆಯಿಂದಲೇ ಈರಪ್ಪ ಓಡಿ ಬಂದಿದ್ದನಂತೆ.

ಆಮೇಲೆ ನಾಲ್ಕೂ ಊರಿನ ರೈತರನ್ನು ಕೇಳಿದೆ; ಆ ನಿಯಮ ಬೇಡವೆಂದವರು ಒಬ್ಬರೂ ಇಲ್ಲ. ತುಣುಕಿನ ನೆತ್ತಿಯ ಮೇಲೆ ಬರೆದವರ ಹೆಸರು ಹಾಕುವುದು ನಮ್ಮ ಕಸುಬಿನ ಪದ್ಧತಿ. ಅಲ್ಲಿ ಇಷ್ಟು ದಿನ ನನ್ನದೊಂದೇ ಹೆಸರಿತ್ತು. ಈಗ ಮಲ್ಲಪ್ಪ, ಬಸವ್ವ ಎಂದು ಬರೆದು ಕೆಳಗೆ ನನ್ನದನ್ನು ಹಾಕಿದ್ದೇನೆ. ಮೂರನೆಯವಳಾಗಿ ನಾನು ಇಷ್ಟೊಂದು ಬೀಗಿದ್ದು ಹಿಂದೆಂದೂ ಇಲ್ಲ.