ಹನ್ನೊಂದಾದರೆ ತೆವಳುವ ಬಿಲ್ಲು

ಹದಿನಾಲ್ಕು ದಿನಸಿ ಅಂಗಡಿಗಳಿದ್ದ ಆ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಒಬ್ಬಳೇ. ಎಲ್ಲರೂ ಅವಳನ್ನು ವೈರಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಸಿಕ್ಕ ಬಡ್ತಿಯೆಂದರೆ ಈ ಹೆಸರೊಂದೇ. ಅವಳ ಕೋಣೆ ಮುಖ್ಯ ಕಚೇರಿಯ ಮೆಟ್ಟಿಲ ಕೆಳಗಿತ್ತು. ಕಂಪನಿಯ ಸರ್ವರ್ ಕೂಡ ಅಲ್ಲೇ, ಪೊರಕೆ ಬಕೆಟ್‌ಗಳ ಜೊತೆ ಸಮಾನ ಗೌರವದಿಂದ ವಾಸವಾಗಿತ್ತು.

ಹೊಸ ಜನರಲ್ ಮ್ಯಾನೇಜರ್ ಬಂದ ಮೂರನೇ ವಾರದಿಂದ ಬಿಲ್ಲಿಂಗ್ ಕೈಕೊಡತೊಡಗಿತು. ಬೆಳಗ್ಗೆ ಎಲ್ಲ ಸರಿ. ಹನ್ನೊಂದಾಗುತ್ತಲೇ ಎಲ್ಲ ಅಂಗಡಿಗಳ ಕೌಂಟರ್‌ಗಳೂ ತೆವಳುತ್ತಿದ್ದವು. ಒಂದು ಸೋಪನ್ನು ಸ್ಕ್ಯಾನ್ ಮಾಡಿದರೆ, ಸರ್ವರ್‌ನಿಂದ ಅದರ ಬೆಲೆ ಬರುವಷ್ಟರಲ್ಲಿ ಗಿರಾಕಿ ಹೊದಿಕೆಯ ಮೇಲಿನ ಅಕ್ಷರಗಳನ್ನೆಲ್ಲ ಓದಿ ಮುಗಿಸಿರುತ್ತಿದ್ದ. ಮಧ್ಯಾಹ್ನ ಒಂದು ಗಂಟೆ ದಾಟಿದರೆ ಮತ್ತೆ ಚುರುಕು.

ಮ್ಯಾನೇಜರ್ ಸಭೆ ಕರೆದರು. ಮೂರು ಸಭೆಗಳ ಚಿಂತನೆಯ ಫಲವಾಗಿ, ಕ್ಯಾಷಿಯರ್‌ಗಳ ಬೆರಳು ನಿಧಾನ ಎಂದು ತೀರ್ಮಾನವಾಯಿತು. ಬೆರಳುಗಳಿಗೆ ತರಬೇತಿ ಕೊಡಿಸಿದರು. ಆಮೇಲೆ ದೊಡ್ಡದೊಂದು ಸರ್ವರ್ ತರಿಸಿ ರಿಬ್ಬನ್ ಕತ್ತರಿಸಿದರು. ಅದೂ ಹಳೆಯದರಷ್ಟೇ ನಿಷ್ಠೆಯಿಂದ ಹನ್ನೊಂದಕ್ಕೆ ಕುಸಿದು ಕೂತಿತು. ಕೊನೆಗೆ, ಇಪ್ಪತ್ತಾರು ವರ್ಷ ಕೌಂಟರ್‌ನಲ್ಲಿ ಕೂತಿದ್ದ ಹಿರಿಯ ಕ್ಯಾಷಿಯರಮ್ಮನನ್ನು ಗೋದಾಮಿಗೆ ವರ್ಗ ಮಾಡಿ ಪತ್ರ ಬಂತು. ಅವರಿಗೆ ಮಂಡಿನೋವು, ಗೋದಾಮಿನಲ್ಲಿ ಕುರ್ಚಿಯಿಲ್ಲ.

"ಇನ್ನೊಂದು ವಾರ ಟೈಮ್ ಇದೆ ಕಣೇ," ಎಂದರು ಕ್ಯಾಷಿಯರಮ್ಮ. "ತಪ್ಪು ನನ್ನ ಬೆರಳಿಂದೋ ನಿನ್ನ ಡಬ್ಬದ್ದೋ, ನೀನೇ ಹೇಳು."

ವೈರಕ್ಕನಿಗೆ ಮಾತು ಚುಚ್ಚಿತು. ಸೋಮವಾರದಿಂದ ಅವರ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು, ಕೈಗಡಿಯಾರ ನೋಡುತ್ತ ಪ್ರತಿ ಬಿಲ್ಲಿನ ಸಮಯ ಬರೆದಳು. ಎರಡು ದಿನ ಹನ್ನೊಂದಕ್ಕೆ ಸರಿಯಾಗಿ ಗ್ರಹಚಾರ ಶುರುವಾಯಿತು. ಬುಧವಾರ ಮಾತ್ರ ಇಡೀ ದಿನ ಬಿಲ್ಲು ಸರಸರ ಓಡಿತು. ಏಕೆಂದು ಹೊಳೆಯಲಿಲ್ಲ.

ಸಂಜೆ ಅತ್ತೆಯ ಹತ್ತಿರ ಹೇಳಿಕೊಂಡಳು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ತಾವು ನಿವೃತ್ತರಾದ ದಿನವೇ ತಂತ್ರಜ್ಞಾನ ಮುಗಿಯಿತೆಂಬುದು ಅವರ ನಂಬಿಕೆ. ಬೀನ್ಸಿನ ನಾರು ತೆಗೆಯುತ್ತ ಹೇಳಿದರು: "ನಮ್ ಕಾಲದಲ್ಲಿ ಲೈನಲ್ಲಿ ದನಿ ಸಣ್ಣಗಾದ್ರೆ, ಇನ್ನೆಲ್ಲೋ ಯಾರೋ ರಿಸೀವರ್ ಎತ್ತಿ ಕಿವಿಗಿಟ್ಕೊಂಡಿದಾರೆ ಅಂತ ಅರ್ಥ. ಅವರನ್ನ ಹುಡುಕಮ್ಮ."

ಗುರುವಾರ ಹನ್ನೊಂದಕ್ಕೆ ವೈರಕ್ಕ ಸರ್ವರ್ ಮುಂದೆ ಕೂತು, ಅದನ್ನು ಯಾರ್ಯಾರು ಏನೇನು ಕೇಳುತ್ತಿದ್ದಾರೆಂಬ ಪಟ್ಟಿ ತೆರೆದಳು. ಕೌಂಟರ್‌ಗಳು, ಪಾಪ, ಒಂದೊಂದು ಸೋಪಿನ ಬೆಲೆ ಕೇಳುತ್ತಿದ್ದವು. ಒಂದು ಕಂಪ್ಯೂಟರ್ ಮಾತ್ರ ಹದಿನಾಲ್ಕೂ ಅಂಗಡಿಗಳ ಒಂಬತ್ತು ವರ್ಷದ ಬಿಲ್ಲುಗಳನ್ನು ಮೊದಲಿನಿಂದ ಓದಿ ಹೇಳು ಎಂದು ಐದೈದು ಸೆಕೆಂಡಿಗೂ ಪೀಡಿಸುತ್ತಿತ್ತು. ಅದು ಇದ್ದದ್ದು ಮ್ಯಾನೇಜರರ ಕೋಣೆಯಲ್ಲಿ.

ಅಲ್ಲಿ ಗೋಡೆಯಗಲದ ಟೀವಿಯಲ್ಲಿ ಬಣ್ಣಬಣ್ಣದ ಕಂಬಗಳು ಏಳುತ್ತ ಬೀಳುತ್ತ ಇದ್ದವು.

"ನಾನೇ ಹಾಕ್ಸಿದ್ದು," ಎಂದರು ಮ್ಯಾನೇಜರ್. "ಯಾವ ಕೌಂಟರ್ ಎಷ್ಟು ನಿಧಾನ ಅಂತ ಕೂತಲ್ಲೇ ಗೊತ್ತಾಗುತ್ತೆ. ಹನ್ನೊಂದಕ್ಕೆ ಬಂದ ತಕ್ಷಣ ಹಾಕಿದ್ರೆ ಒಂದಕ್ಕೆ ಊಟಕ್ಕೆ ಹೋಗೋವರೆಗೂ ನೋಡ್ತೀನಿ."

"ಬುಧವಾರ ನೋಡಿರ್ಲಿಲ್ವಾ ಸರ್?"

"ಹಲ್ಲು ಕೀಳಿಸ್ಕೊಳ್ಳೋಕೆ ಹೋಗಿದ್ದೆ. ಯಾಕೆ?"

"ಅವತ್ತು ಎಲ್ಲಾ ಕೌಂಟರೂ ಚುರುಕಾಗಿತ್ತು."

ಮ್ಯಾನೇಜರ್ ದವಡೆ ಸವರಿಕೊಂಡರು. "ಅಂದ್ರೆ ನಾನಿದ್ದಾಗ ಬೇಕಂತ್ಲೇ ನಿಧಾನ ಮಾಡ್ತಾರೆ. ನನ್ ಮೇಲೆ ಎಷ್ಟು ದ್ವೇಷ ನೋಡು."

ವೈರಕ್ಕ ಕ್ಯಾಷಿಯರಮ್ಮನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಟೀವಿಯ ಕಂಪ್ಯೂಟರಿನ ವೈರು ಕಿತ್ತಳು.

"ಏನ್ಮಾಡ್ದೆ? ಓಡ್ತಾ ಇದೆ," ಎಂದಿತು ಫೋನು. ವೈರು ಸಿಕ್ಕಿಸಿದಳು. "ಅಯ್ಯೋ, ನಿಂತೋಯ್ತು." ಮತ್ತೆ ಕಿತ್ತಳು. "ಓಡ್ತು."

ಮೂರು ಸಲ ಹೀಗಾದ ಮೇಲೆ ಮ್ಯಾನೇಜರ್ ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅರ್ಧ ಗಂಟೆಗೊಮ್ಮೆ ಅಂದಂದಿನ ಮಾರಾಟದ ಸಾರಾಂಶ ಬೇರೆ ಕಂಪ್ಯೂಟರಿಗೆ ಹೋಗುವಂತೆ ಮಾಡಿ, ಟೀವಿಯನ್ನು ವೈರಕ್ಕ ಅದಕ್ಕೆ ಜೋಡಿಸಿದಳು. ಕಂಬಗಳ ಬಣ್ಣ ಹಾಗೇ ಇದ್ದುದರಿಂದ ಮ್ಯಾನೇಜರರಿಗೆ ಯಾವ ಕೊರತೆಯೂ ಕಾಣಲಿಲ್ಲ. ಕ್ಯಾಷಿಯರಮ್ಮನ ವರ್ಗಾವಣೆಯನ್ನು "ಮಾನವೀಯತೆಯ ದೃಷ್ಟಿಯಿಂದ" ರದ್ದು ಮಾಡಲಾಯಿತು. ವಾರ್ಷಿಕ ಸಭೆಯಲ್ಲಿ ಮ್ಯಾನೇಜರ್ ಹೊಸ ಸರ್ವರಿನ ಯಶಸ್ಸಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿ ಶಾಲಿನಷ್ಟೇ ದೊಡ್ಡ ಪ್ರಶಸ್ತಿಪತ್ರ ಪಡೆದರು. ವೈರಕ್ಕನಿಗೆ ಅದನ್ನು ಕೇಳಿಸಿಕೊಳ್ಳಲಾಗಲಿಲ್ಲ. ಒಂಬತ್ತನೇ ಅಂಗಡಿಯ ಪ್ರಿಂಟರು ಬೆಳಗಿನಿಂದ ಖಾಲಿ ಬಿಲ್ಲು ಉಗುಳುತ್ತಿತ್ತು. ಅವಳು ಅಲ್ಲಿ ಮೇಜಿನಡಿ ತೂರಿಕೊಂಡಿದ್ದಳು.