ಕಡಲೆಯ ಹುಳಿ

ಇಬ್ಬನಿಯಲ್ಲಿ ನೆಂದ ಕಡಲೆ ಗಿಡಕ್ಕೆ ಒಂದು ಹುಳಿ ವಾಸನೆ ಇರುತ್ತದೆ. ಮೊನ್ನೆ ಚಳಿಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯವರು ಹಕ್ಕಿ, ಗಿಡ ತೋರಿಸುತ್ತೇವೆಂದು ಮರಾಠಿ ಸೀಮೆಯ ಚಾಕಣ ಊರಿನಾಚೆ ನಡೆಸಿಕೊಂಡು ಹೋದಾಗ, ಹೊಲವೊಂದರ ಬದುವಿನಲ್ಲಿ ಅದು ಮೂಗಿಗೆ ಬಡಿಯಿತು. ಎಲ್ಲರೂ ಆಹಾ ಎಂದರು. ನಾನು ಮೂಗು ಮುಚ್ಚಿಕೊಂಡೆ. ನಿಮಗೂ ಇಂಥದೊಂದು ವಾಸನೆ ಇದ್ದರೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಅಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ನಮ್ಮನ್ನು ಕರೆತಂದಾಗ ಇಲ್ಲೇ ಎಲ್ಲೋ ನಮ್ಮ ತಗಡಿನ ಪತ್ರಾಶೆಡ್ ಇತ್ತು. ತಂಗಿ ನೀಲಿಗೆ ಪದೇ ಪದೇ ಹೊಟ್ಟೆನೋವು. ಅದಕ್ಕೆ ಅವ್ವನಿಗೆ ಗೊತ್ತಿದ್ದ ಮದ್ದು ಒಂದೇ: ನಸುಕಿನಲ್ಲಿ ಕಡಲೆ ಗಿಡಗಳ ಮೇಲೆ ಬಿಳಿ ಅರಿವೆ ಎಳೆದು, ಅದು ಹೀರಿದ ಇಬ್ಬನಿ ಹಿಂಡಿ ತೆಗೆದ ಹುಳಿ. ಹೊಲದವರು ಮರಾಠಿ ಜನ, ಒಳ್ಳೆಯವರು, ಬೇಡ ಎನ್ನುತ್ತಿರಲಿಲ್ಲ. ಅರಿವೆ ಅವ್ವನದು, ಬಾಟಲಿ ನನ್ನದು. ದಾರಿಯುದ್ದಕ್ಕೂ ಉತ್ತರಾಣಿ ಲಂಗಕ್ಕೆ ಅಂಟುತ್ತಿತ್ತು, ತಂಗಡಿ ಹೂವಿನ ಮೇಲೆ ಜೇಡರ ಬಲೆ ಹೊಳೆಯುತ್ತಿತ್ತು, ಬಾರೆಹಣ್ಣು ಉದುರಿದಲ್ಲಿ ಮೊಲದ ಹಿಕ್ಕೆ ಇರುತ್ತಿತ್ತು. ಬಾಲ ಕುಣಿಸುತ್ತ ಓಡುವ ಬೂದು ಹಕ್ಕಿಗಳನ್ನು ಕಂಡರೆ ಅವ್ವ ನಗುತ್ತಿದ್ದಳು: "ಚಳಿಗಿ ಬಂದ ಬೀಗರು ನೋಡ್. ನಮ್ಹಂಗ ಅವೂ ಪರದೇಶಿ, ಭಾಳ ದಿನ ಇರಂಗಿಲ್ಲ." ಶೆಡ್ಡಿನಲ್ಲಿ ಬರೀ ಸಿಡಿಮಿಡಿ ಎನ್ನುವ ಅವ್ವ ಹೊಲದಲ್ಲಿ ಬೇರೆಯೇ ಹೆಂಗಸು. ಆ ಹೆಂಗಸಿಗಾಗಿ ನಾನು ಎಂಥ ಚಳಿಯಲ್ಲೂ ಏಳುತ್ತಿದ್ದೆ.

ಅವ್ವನಿಗೆ ಮರಾಠಿ ಬರುತ್ತಿರಲಿಲ್ಲ. ಶಾಲೆಗೆ ಹೋಗುತ್ತಿದ್ದ ನಾನೇ ಅವಳ ಬಾಯಿ, ನಾನೇ ಕಿವಿ. ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಹೊಲದವರ ಸೊಸೆ ನನ್ನನ್ನು ಕರೆದು, ಕಡಲೆಗೆ ಹುಳ ಕೊಲ್ಲುವ ವಿಷದ ಎಣ್ಣೆ ಹೊಡೆದಿದ್ದೇವೆ, ಈ ವಾರ ಬರಬೇಡಿರಿ, ನಿಮ್ಮವ್ವನಿಗೆ ಹೇಳು ಎಂದಳು. ನಾನು ಹೂಂ ಎಂದೆ. ಹೇಳಲಿಲ್ಲ. ಹೇಳಿದ್ದರೆ ಮರುದಿನ ಹೊಲವಿಲ್ಲ, ಹಕ್ಕಿಯಿಲ್ಲ, ನಗುವ ಅವ್ವನಿಲ್ಲ. ಅಷ್ಟೇ ಕಾರಣ. ಇಷ್ಟು ವರ್ಷ ಹುಡುಕಿದರೂ ಇದಕ್ಕಿಂತ ದೊಡ್ಡದೊಂದು ಕಾರಣ ನನಗೆ ಸಿಕ್ಕಿಲ್ಲ.

ಯಾವ ಮದ್ದಾದರೂ ಮೊದಲು ಹೆತ್ತವಳ ನಾಲಿಗೆಗೆ ಎಂಬುದು ಅವ್ವನ ನೇಮ. ಮರುದಿನ ನಸುಕಿನಲ್ಲಿ ಅರಿವೆ ಹಿಂಡಿ ಬೊಗಸೆಯಲ್ಲಿ ಹಿಡಿದಳು. ಈಗ ಹೇಳಿದರೆ ನಿನ್ನೆಯೇ ಯಾಕೆ ಬೊಗಳಲಿಲ್ಲ ಎಂದು ಬಡಿಯುತ್ತಾಳೆಂದು ನಾನು ಬಾಟಲಿ ಹಿಡಿದು ಸುಮ್ಮನೆ ನಿಂತೆ. ಅವಳು ಕುಡಿದಳು. "ಇವತ್ತ್ಯಾಕೋ ಕಹಿ ಆಗ್ಯಾದ, ಕೂಸಿಗಿ ಬ್ಯಾಡ" ಎಂದು ಉಳಿದದ್ದನ್ನು ಚೆಲ್ಲಿದಳು. ಮಧ್ಯಾಹ್ನದ ಹೊತ್ತಿಗೆ ವಾಂತಿ, ಬಾಯಲ್ಲಿ ನೊರೆ. ಅಪ್ಪ ಪಿಂಪ್ರಿಯ ಆಸ್ಪತ್ರೆಗೆ ಹೊತ್ತೊಯ್ದ. ಅಲ್ಲಿಯ ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನೂ ನಾನು ಅವ್ವನಿಗೆ ದಾಟಿಸಲಿಲ್ಲ.

ಬದುಕಿದಳು. ಆದರೆ ಹೊಲಕ್ಕೆ ಮತ್ತೆ ಕಾಲಿಡಲಿಲ್ಲ. "ಈ ಮಣ್ಣು ನಮ್ಮನ್ನ ಒಲ್ಲೆ ಅಂತದ" ಎನ್ನುತ್ತಿದ್ದಳು. ತಾನು ಪರದೇಶಿ, ತನ್ನ ಕೈಗೆ ಇಲ್ಲಿಯ ಬೆಳೆ ಮುನಿದಿದೆ ಎಂದೇ ನಂಬಿ, ಶೆಡ್ಡಿನ ಬಾಗಿಲಲ್ಲಿ ಕೂತು ಮುದುಕಿಯಾಗಿ ಸತ್ತಳು. ಆ ಮಣ್ಣಿನ ಮೇಲೆ ಹೊರಿಸಿದ ತಪ್ಪು ನನ್ನದೆಂದು ನಾನು ಕೊನೆಗೂ ಹೇಳಲಿಲ್ಲ. ಶೆಡ್ಡಿದ್ದ ಜಾಗದಲ್ಲಿ ಈಗ ಗೋದಾಮು.

ಮೊನ್ನೆ ಹಕ್ಕಿ ತೋರಿಸುವ ಹುಡುಗ ಮರಾಠಿಯಲ್ಲಿ ಕೂಗಿದ: ನಿನ್ನೆ ಎಣ್ಣೆ ಹೊಡೆದಿದ್ದಾರೆ, ಯಾರೂ ಗಿಡ ಮುಟ್ಟಬೇಡಿ. ನಾನು ಸರಕ್ಕನೆ ಹಿಂದೆ ತಿರುಗಿ ಹೇಳಿಬಿಟ್ಟೆ:

"ಎಣ್ಣಿ ಹೊಡ್ದಾರಂತವ್ವಾ, ಮುಟ್ಟಬ್ಯಾಡ."

ಹಿಂದೆ ದುರ್ಬೀನು ಹಿಡಿದ ಪಕ್ಕದ ಮನೆಯಾಕೆ ನಿಂತಿದ್ದಳು. ಆಕೆಗೆ ಕನ್ನಡ ಬರುವುದಿಲ್ಲ.