ಅಂಕಲಿಯ ಮಸರತ: ಕತ್ತರಿಸದೆ ಮರೆಮಾಡುವ ಕೆಲಸ

ಬೆಳಗಿನ ನಮಾಜು ಮುಗಿದಿದೆ. ಅಂಕಲಿಯ ರಸ್ತೆಗೆ ಕಬ್ಬಿನ ಟ್ರ್ಯಾಕ್ಟರುಗಳು ಇನ್ನೂ ಇಳಿದಿಲ್ಲ. ಒಲೆಯ ಮೇಲೆ ಚಹಾ ಇಟ್ಟು ಮಸರತ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಬೇಡಕಿಹಾಳದ ಕಂಬಳಿಗಳು.

ಚಿಕ್ಕೋಡಿ, ನಿಪ್ಪಾಣಿ ಕಡೆಯ ಅಂಗಡಿಯವರಿಗೆ, ಡೇರಿಯವರಿಗೆ, ಕಂಬಳಿ ನೇಯುವವರಿಗೆ ವೆಬ್ ಪುಟ ಮಾಡಿಕೊಡುವುದು ಇವರ ಕೆಲಸ. ಗಂಡ ಮುಜಫ್ಫರ ಟೆಂಪೊ ಓಡಿಸುತ್ತಾರೆ. ನಿಪ್ಪಾಣಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಅರ್ಧ ಕಲಿತು, ಉಳಿದದ್ದನ್ನು ಮೊಬೈಲಿನಲ್ಲಿ ನೋಡಿ ಕಲಿತವರು ಮಸರತ. ಪುಟ ಚೆಂದ ಬಂದರೆ ಅಂಗಡಿಯವನಿಗೆ ಹೊಗಳಿಕೆ, ಕೆಟ್ಟರೆ ಇವರಿಗೆ ಬೈಗುಳ. ಮಾಡಿದವರು ಯಾರೆಂದು ಕೇಳುವ ಸೌಜನ್ಯವೂ ನಮಗಿಲ್ಲ.

ಹೋದ ತಿಂಗಳು ಬೇಡಕಿಹಾಳದ ಕುರಿಗಾರರ ಹಿರಿಯ ಭರಮು, ಹೆಂಡತಿ ಸಾವಕ್ಕನ ಜೊತೆ ಸಿಟ್ಟಿನಿಂದಲೇ ಬಂದರು. ಕಂಬಳಿಯ ಪುಟದಲ್ಲಿ ಅವರ ಫೋಟೊವನ್ನು ಮಸರತ ದುಂಡಗೆ ಕ್ಲಿಪ್ ಮಾಡಿದ್ದರು, ಅಂದರೆ ದುಂಡು ಆಕಾರದ ಒಳಗಿನದಷ್ಟೇ ಕಾಣುವಂತೆ ಇಟ್ಟಿದ್ದರು. ತಲೆಗೆ ಸುತ್ತಿದ ಪಟಕಾದ ಮೇಲ್ಭಾಗ ಕಾಣುತ್ತಿರಲಿಲ್ಲ. ಪಟಕಾ ಇಲ್ಲದೆ ಆ ಹಿರಿಯರು ನಾಲ್ಕು ಮಂದಿಯ ಮುಂದೆ ನಿಲ್ಲುವವರಲ್ಲ. ಅವರು ಬೇಡ ಅಂದರೆ ಉಳಿದ ಮನೆಗಳ ಕಂಬಳಿಗಳೂ ಪುಟದಿಂದ ಹೋದಂತೆಯೇ.

"ನನ್ನ ಪಟಕಾ ಕತ್ತರಿಸಂತ ನಿನಗ ಯಾರು ಹೇಳಿದ್ರಬೇ? ನಮ್ಮ ಮಂದಿನ್ನೆಲ್ಲಾ ಅದರಾಗಿಂದ ತಗದಬಿಡು."

ಮಸರತ ವಾದಕ್ಕೆ ಇಳಿಯಲಿಲ್ಲ. ಆ ಫೋಟೊದ ಪ್ರಿಂಟು ತೆಗೆದರು. ಹಾಳೆಯೊಂದರಲ್ಲಿ ದುಂಡಗೆ ತೂತು ಮಾಡಿ ಅದರ ಮೇಲಿಟ್ಟರು.

"ಕತ್ತರಿಸಿಲ್ರಿ ಕಾಕಾ. ಫೋಟೊ ಪೂರಾ ಐತಿ. ತೂತಿನ ಹೊರಗಿಂದು ಕಾಣಂಗಿಲ್ಲ, ಅಷ್ಟ."

ಹೊರಗೆ ಉಳಿದದ್ದು ಪುಟದಲ್ಲಿ ತನ್ನ ಜಾಗ ಹಿಡಿದುಕೊಂಡೇ ಇರುತ್ತದೆ, ಆದರೆ ಕಾಣುವುದಿಲ್ಲ, ಬೆರಳಿಟ್ಟರೂ ಓಗೊಡುವುದಿಲ್ಲ ಎಂದು ವಿವರಿಸಿದರು. ಹಾಳೆಯನ್ನು ಮೇಲಕ್ಕೆ ಸರಿಸಿದರು, ಪಟಕಾ ಬಂತು. ಭರಮು ತಣ್ಣಗಾದರು. ಫೋಟೊ ಪೂರಾ ಇದೆ ಎಂದು ತೋರಿಸಲು ಮಸರತ ಹಾಳೆಯನ್ನೇ ಎತ್ತಿದರು. ಫೋಟೊದಲ್ಲಿ ಭರಮುವಿನ ಪಕ್ಕದಲ್ಲಿ, ಉಣ್ಣೆ ನೂಲುವ ಕದಿರು ಹಿಡಿದು ನಿಂತಿದ್ದವರು ಸಾವಕ್ಕ.

ಅಲ್ಲಿಯವರೆಗೆ ತುಟಿ ಬಿಚ್ಚದ ಸಾವಕ್ಕ ಅಂದರು: "ಇವರದು ಪಟಕಾ ಅಷ್ಟ ಹೋಗಿತ್ತು. ನಾ ಪೂರಾ ಹೋಗೇನಲ್ಲವ್ವಾ."

ಭರಮು ನೇಯುವ ಕಂಬಳಿಗೆ ನೂಲು ತೆಗೆಯುವವರು ಸಾವಕ್ಕನೇ. ಮಸರತ ದುಂಡು ಆಕಾರ ಬಿಟ್ಟು, ಇಬ್ಬರೂ ಹಿಡಿಯುವಷ್ಟು ಅಗಲದ ಮೊಟ್ಟೆಯಾಕಾರ ಕೊಟ್ಟರು. ಭರಮು ಬಹಳ ಹೊತ್ತು ನೋಡಿ, ಇದು ಇರಲಿ ಅಂದರು. ಯಾವ ಮನೆಯವರೂ ಪುಟ ಬಿಡಲಿಲ್ಲ.

ಮಸರತ ಈಗ ಆಕಾರ ಹಾಕುವ ಮೊದಲು ಫೋಟೊದಲ್ಲಿ ಯಾರ್ಯಾರಿದ್ದಾರೆ ಎಂದು ಕೇಳುತ್ತಾರೆ. ಕೆಲಸ ಇದರಿಂದ ತಡವಾಗುತ್ತದೆ, ಆಗಲಿ ಅನ್ನುತ್ತಾರೆ.

"ಪುಟ ನೋಡಿ ಫೋನ್ ಮಾಡಿದ ಮಂದಿ, ನೂಲು ತಗದಾಕಿ ನೀವೇನ್ರಿ ಅಂತ ಸಾವಕ್ಕ ಕಾಕುನ್ನ ಕೇಳ್ತಾರಂತ್ರಿ. ನನ್ನ ಹೆಸರು ಯಾರೂ ಕೇಳಂಗಿಲ್ಲ. ನಡೀತೈತ್ರಿ."